ಬಲಕ್ಕೆ ಎಳೆಯುವ ಸೈಕಲ್

ಆ ಭಾನುವಾರ ಹಳೇ ಸೈಕಲ್‌ಗಳ ಸವಾರಿಗೆ ನಾನು ಹೊಟ್ಟೆಯಲ್ಲಿ ಸೇಡು ಇಟ್ಟುಕೊಂಡೇ ಹೊರಟಿದ್ದೆ. ಆದೋನಿಯಿಂದ ಪೆದ್ದಹರಿವಾಣಂವರೆಗೆ ಹದಿನೈದು ಮಂದಿ. ನನ್ನದು ಗೆಳೆಯನಿಂದ ಕೇಳಿ ತಂದ ಸೈಕಲ್. ಚುರುಕು ಬಿಸಿಲಿಗೆ ರಾಡ್ ಬ್ರೇಕು, ತೊಗಲಿನ ಸೀಟು, ಡೈನಮೋ ದೀಪ ಎಲ್ಲ ಮಿಂಚುತ್ತಿದ್ದವು. ಒಂದು ಸೈಕಲ್ಲಿನ ಗಂಟೆಯಂತೂ ಬಾರಿಸಿದರೆ ಮಂಗಳಾರತಿ ಮುಗಿಯುವಷ್ಟು ಹೊತ್ತು ಗುಂಯ್‌ಗುಡುತ್ತಿತ್ತು. ಸೇಡು ಮರೆತು ಬಾಯಿ ಬಿಟ್ಟುಕೊಂಡು ನೋಡಿದೆ. ನಾಚಿಕೆಗೇಡು, ಆದರೆ ನಿಜ.

ಎಲ್ಲಕ್ಕಿಂತ ಚೆಂದದ ಸೈಕಲ್ ಮಾತ್ರ ತುಳಿಸಿಕೊಳ್ಳದೆ, ಗೂಡ್ಸ್ ಆಟೋದಲ್ಲಿ ಹಾಸಿಗೆಯ ಮೇಲೆ ಮಲಗಿ ಬಂತು. ಅದರ ಒಡೆಯ ಹತ್ತಿ ವ್ಯಾಪಾರದ ಸಾವ್ಕಾರ. ಪೆದ್ದಹರಿವಾಣಂ ಊರ ಚಹಾದಂಗಡಿ ಮುಂದೆ ಇಳಿಸಿ, "ನಮ್ಮ ತಾತಂದು. ನಾನು ಸೈಕಲ್ ಕಲ್ತಿದ್ದೂ ಇದರಾಗ" ಎಂದ. ಮೀಸೆ ಬಂದ ನನ್ನ ಗುರುತು ಅವನಿಗೆ ಸಿಗಲಿಲ್ಲ.

ಅದು ನನ್ನ ತಾತನದು. ಆ ಊರಲ್ಲೇ ಹಾಲು ಮಾರುತ್ತಿದ್ದ ತಾತನದು. ಅದನ್ನು ಸಾವ್ಕಾರನಿಗೆ ಕೊಟ್ಟ ಒಂಬತ್ತನೇ ಕ್ಲಾಸಿನ ಮಹಾಮೇಧಾವಿ ನಾನೇ.

"ಗುಜರಿ ಐತಲೇ ಇದು. ನನಗ ಕೊಡು, ನನ್ನ ಮಗನ ಗೇರ್ ಸೈಕಲ್ ನೀ ತಗೋ" ಎಂದಿದ್ದ. ತಾತ ಮಂತ್ರಾಲಯಕ್ಕೆ ಹೋಗಿದ್ದ. ಕೊಟ್ಟುಬಿಟ್ಟೆ. ವಾಪಸ್ ಬಂದ ತಾತ ಕೇಳಲು ಹೋದರೆ ಸಾವ್ಕಾರ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ. ಗೇರ್ ಸೈಕಲ್ ಒಂದು ಮಳೆಗಾಲ ತಡೆಯಲಿಲ್ಲ. ತಾತ ಹಾಲಿನ ಕ್ಯಾನು ಹೆಗಲಿಗೆ ಹಾಕಿಕೊಂಡು ಸಾಯುವ ತನಕ ನಡೆದ.

ಸಾವ್ಕಾರ ಬಣ್ಣ ಹೊಡೆಸಿದ್ದ, ಹೊಸ ಟೈರು ಹಾಕಿಸಿದ್ದ. ತುಳಿದು ಮಾತ್ರ ನೋಡಿರಲಿಲ್ಲ. ಎಡಗಡೆಯಿಂದ ಹತ್ತುತ್ತಿದ್ದ ತಾತ ದೊಡ್ಡ ಕ್ಯಾನನ್ನು ಬಲಗಡೆಗೇ ತೂಗುಹಾಕುತ್ತಿದ್ದ. ವರ್ಷಗಟ್ಟಲೆಯ ಆ ಭಾರಕ್ಕೆ ಫ್ರೇಮು ಸೊಟ್ಟಗಾಗಿ ಸೈಕಲ್ ಬಲಕ್ಕೆ ಎಳೆಯುತ್ತಿತ್ತು. ರಿಪೇರಿಯವನು ನೆಟ್ಟಗೆ ಮಾಡುತ್ತೇನೆಂದರೆ, "ಬ್ಯಾಡಪಾ, ನನ್ನ ಕೈಗೆ ರೂಢಿ ಐತಿ" ಎನ್ನುತ್ತಿದ್ದ.

"ಸಾವ್ಕಾರ್ರೇ, ಕಲ್ತಿದ್ದು ಇದರಾಗ ಅಂತೀರಿ, ಒಂದು ರೌಂಡ್ ಹೊಡ್ದು ತೋರಸ್ರಿ. ವಿಡಿಯೋ ಮಾಡ್ತೀನಿ" ಎಂದೆ, ಬೆಲ್ಲದಂಥ ದನಿಯಲ್ಲಿ. ದನಿ ಅವನದೇ, ಗೇರ್ ಸೈಕಲ್ ತೋರಿಸಿದ ದಿನವೇ ಕದ್ದಿದ್ದೆ.

ಹತ್ತಿದ. ಹತ್ತು ಮಾರು ಹೋಗಿ ನಮ್ಮ ಕಡೆ ಕೈ ಬೀಸಿದ. ಸೈಕಲ್ ಬಲಕ್ಕೆ ತಿರುಗಿ, ಎಮ್ಮೆಗಳು ನಿಂತಿದ್ದ ಕೆಸರಿನಲ್ಲಿ ಅವನನ್ನು ಇಳಿಸಿತು.

ಅವನು ಎದ್ದು ಪಂಚೆ ಹುಡುಕುವಷ್ಟರಲ್ಲಿ ನಾನು ಸೈಕಲ್ ಎತ್ತಿಕೊಂಡು ಹತ್ತಿದೆ. ಚಿಕ್ಕಂದಿನಲ್ಲಿ ತಾತನ ಸೊಟ್ಟ ಕೂರುವಿಕೆಯನ್ನು ಅಣಕಿಸಿ ಓಣಿಯನ್ನೆಲ್ಲ ನಗಿಸುತ್ತಿದ್ದೆ. ಹಾಗೇ ಎಡಭುಜ ಇಳಿಸಿ, ಎಡಗೈಯಿಂದ ಹ್ಯಾಂಡಲನ್ನು ತುಸು ಎದೆಯತ್ತ ಎಳೆದು ಕೂತೆ. ಸೈಕಲ್ ದಾರದಂತೆ ನೆಟ್ಟಗೆ ಹೋಯಿತು.

"ಅಯ್ಯ, ಹಾಲಿನ ತಾತನಂಗ ಕುಂತಾನ ನೋಡ್ರಿ!" ಚಹಾದಂಗಡಿಯ ಅಜ್ಜಿ ಕೂಗಿದಳು. "ಆತನ ಮೊಮ್ಮಗನೇ ಇರಬೇಕು, ಆತಂದೇ ಸೈಕಲ್ ಅದು!"

ಎಲ್ಲರೂ ಸಾವ್ಕಾರನ ಕಡೆ ತಿರುಗಿದರು.

"ಆತಪಾ, ನಿಮ್ಮ ತಾತಂದೇ. ಈಗ ಇಳಿ."

"ಜೋರಾಗಿ ಅನ್ರಿ, ಹಿಂದಿನೋರಿಗೆ ಕೇಳ್ಸಿಲ್ಲ."

ಜೋರಾಗಿ ಅಂದ. ಇಳಿದೆ. ಸೈಕಲ್ ಮತ್ತೆ ಆಟೋ ಹತ್ತಿ ಅವನ ಮನೆಗೇ ಹೋಯಿತು.

ಅವನು ಬೀಳುವುದನ್ನು ಈಗ ಹತ್ತಿ ಮಾರ್ಕೆಟ್‌ನಲ್ಲಿ ಕೇಳಿದವರಿಗೆಲ್ಲ ಮಾಡಿ ತೋರಿಸುತ್ತೇನೆ, ಕೇಳದವರಿಗೂ. ಕೊನೆಗೆ ಒಂಬತ್ತನೇ ಕ್ಲಾಸಿನವನೊಬ್ಬ ಗೇರ್ ಸೈಕಲ್ ಕಂಡು ಹಲ್ಲು ಕಿರಿಯುವುದನ್ನೂ ಸೇರಿಸುತ್ತೇನೆ. ಅವನನ್ನೂ ಸುಮ್ಮನೆ ಬಿಡುವವನಲ್ಲ ನಾನು.