ಹೊಸಿಲೊಳಗಿನ ಚಪ್ಪಲಿ

ಕಪ್ಪು ಪಟ್ಟಿಯ, ಹಿಮ್ಮಡಿ ಸವೆದ ಚಪ್ಪಲಿ. ಅದನ್ನು ಮೆಟ್ಟಿಕೊಂಡು ಅಕ್ಕೋರು ತಮ್ಮ ಮನೆಯೊಳಗೇ ಓಡಾಡುತ್ತಿದ್ದರು. ದಾಂಡೇಲಿಯ ನಮ್ಮ ಕ್ವಾರ್ಟರ್ಸಿನಲ್ಲಿ ಅದನ್ನು ನೋಡಿ ಮೂಗು ಮುರಿಯದವರಿರಲಿಲ್ಲ. ನನ್ನ ಅತ್ತೆಯಂತೂ ಅವರ ಮನೆಯ ಚಹಾ ಕುಡಿಯುವುದನ್ನೇ ಬಿಟ್ಟಿದ್ದರು.

ಗೋಡೆಯಾಚೆಯ ಮನೆ ನಮ್ಮದು, ನನಗೆ ವಿಷಯ ಗೊತ್ತಿತ್ತು. ಅಕ್ಕೋರು ಹಳಿಯಾಳದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದರು; ಪಾಠ ಹೇಳುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರು ಅನ್ನುವುದೇ ರೂಢಿ. ಮುಂಡಗೋಡದ ಟಿಬೆಟನ್ ಕಾಲೊನಿಯ ಗೋವಿನಜೋಳದ ವ್ಯಾಪಾರದ ಮೇಲೆ ಪಿಎಚ್.ಡಿ. ನಡೆದಿತ್ತು. ರಜೆ ಬಂದರೆ ಸಾಕು, ಮುಂಡಗೋಡದ ಬಸ್ಸು ಹತ್ತುತ್ತಿದ್ದರು. ಅಷ್ಟರಲ್ಲಿ ಕೊರೊನಾ ಬಂತು. ಶಾಲೆ, ಕಾಲೇಜು ಎಲ್ಲ ಮನೆಯೊಳಗೆ ಬಂದು ಕೂತವು. ಗಂಡ ಮಿಲ್ಲಿನ ಪಾಳಿಗೆ ಹೋದರೆ ಮುಗಿಯಿತು, ಮಗ, ಮಗಳು, ಜೊತೆಗೆ ನನ್ನ ಮಗ, ಮೂವರ ಪಾಠವೂ ಇವರ ಕೊರಳಿಗೆ. ನಾನು ಹೊಲಿಗೆ ಯಂತ್ರ ತುಳಿಯುವವಳು, ಭಿನ್ನರಾಶಿ ನನಗೆಲ್ಲಿ ಬರಬೇಕು?

ಮಕ್ಕಳು ಗಳಿಗೆಗೊಮ್ಮೆ "ಅವ್ವಾ" ಎಂದರೆ ಬರೆಯುವುದು ಹೇಗೆ? ಅದಕ್ಕೇ ಈ ಚಪ್ಪಲಿ.

"ನೋಡ್ರಿ, ಕಾಲಾಗ ಚಪ್ಪಲಿ ಇದ್ರ ನಾ ಹಳಿಯಾಳದಾಗ ಇದ್ದಂಗ. ಅವ್ವಾ ಅನ್ನಂಗಿಲ್ಲ. ಅಕ್ಕೋರ ಅನ್ಬೇಕು, ಅದೂ ಭಾಳ ಜರೂರಿದ್ರಷ್ಟ."

ಎರಡನೆಯ ತರಗತಿಯ ಮಗಳು ಈ ಆಟವನ್ನು ಮನಸ್ಸಿಗೇ ಹಚ್ಚಿಕೊಂಡುಬಿಟ್ಟಳು. ಬಾಗಿಲಲ್ಲಿ ನಿಂತು, "ಅಕ್ಕೋರ, ನಮ್ಮವ್ವ ಎಷ್ಟೊತ್ತಿಗೆ ಬರ್ತಾಳ್ರಿ?" ಎನ್ನುವಳು. ಇವರು ಹಾಳೆಯಿಂದ ತಲೆ ಎತ್ತದೆ, "ಬಸ್ ಹತ್ಯಾಳಂತ ನೋಡ್ವಾ, ಇನ್ನೊಂದು ತಾಸಿಗೆ ಬರ್ತಾಳ" ಎನ್ನುವರು. ತಾಸು ಕಳೆದ ಮೇಲೆ ಚಪ್ಪಲಿಯನ್ನು ಹೊಸಿಲಾಚೆ ಬಿಟ್ಟು, "ಬಂದೆವ್ವಾ!" ಎಂದು ಒಳಗೆ ಬರುವರು. ಹುಡುಗಿ ಓಡಿ ಹೋಗಿ ತಬ್ಬಿಕೊಳ್ಳುವುದನ್ನು ನೋಡಿ ನಾನು ಎಷ್ಟು ಸಲ ನಕ್ಕಿದ್ದೇನೋ.

ಮುಂಡಗೋಡದ ಕಾಲೊನಿಯೊಳಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಅವರ ಕೆಲಸ ಅರ್ಧಕ್ಕೇ ನಿಂತಿತ್ತು. ಇನ್ನೊಂದು ವರ್ಷದ ಅವಧಿ ಸಿಗದಿದ್ದರೆ ನೋಂದಣಿ ರದ್ದಾಗಿ ಅಷ್ಟೂ ದುಡಿಮೆ ನೀರುಪಾಲು. ಅದನ್ನು ತೀರ್ಮಾನಿಸುವ ಯೂನಿವರ್ಸಿಟಿಯ ಸಮಿತಿ ಮೊಬೈಲಿನ ವಿಡಿಯೋದಲ್ಲೇ ಕೂಡಿತು. ಮಕ್ಕಳನ್ನು ಹಿಡಿದುಕೊಂಡು ನಾನು ಅವರ ಅಡುಗೆಮನೆಯಲ್ಲಿ ಕೂತಿದ್ದೆ. ಎಲ್ಲ ಮಾತೂ ಕೇಳುತ್ತಿತ್ತು. ಬೆಳಿಗ್ಗೆ ಎಂದ ಸಭೆಯನ್ನು ದೊಡ್ಡ ಮನುಷ್ಯರು ಶುರುಮಾಡಿದ್ದು ಊಟದ ಹೊತ್ತಿಗೆ. ನಡುವೆ ಅಧ್ಯಕ್ಷರ ಮೊಮ್ಮಗ ಬಂದು ಏನೋ ಕಿರುಚಿದ. "ಎಷ್ಟು ಚಂದ ಅದಾನ್ರೀ ಸರ್" ಎಂದು ಎಲ್ಲರೂ ನಕ್ಕರು.

ಇತ್ತ ಹುಡುಗಿಗೆ ಅವ್ವ ಬರುವ ಹೊತ್ತು ಮೀರಿತ್ತು. ನಾನು ರೊಟ್ಟಿ ತೆಗೆಯಲು ಅತ್ತ ತಿರುಗಿದ್ದೇ ತಡ, ಅವಳು ಪಡಸಾಲೆಗೆ ಹೋಗಿ, ಕಲಿಸಿದ ಹಾಗೆಯೇ ಕೈಕಟ್ಟಿ ನಿಂತಳು.

"ಅಕ್ಕೋರ, ನಮ್ಮವ್ವ ಇನ್ನೂ ಯಾಕ ಬಂದಿಲ್ರಿ?"

ಮೊಬೈಲಿನಿಂದ ಅಧ್ಯಕ್ಷರ ದನಿ ಬಂತು: "ಏನ್ರೀ ಮೇಡಂ, ಹೆತ್ತ ಮಗಳಿಗೇ ನಿಮ್ಮ ಗುರುತಿಲ್ಲಲ್ರೀ! ಮೊದಲ ಮನಿ ನೋಡ್ಕೊಳ್ರಿ. ಪಿಎಚ್.ಡಿ. ಎಲ್ಲಿ ಓಡಿ ಹೋಗ್ತೈತಿ?"

"ಸರ್, ಅದು ನಾವು ಆಡೂ ಆಟ ಸರ್..." ಎಂದರು ಅಕ್ಕೋರು. ಆ ಕಡೆ ಯಾರೋ ನಕ್ಕರು.

ಅವಧಿ ಸಿಗಲಿಲ್ಲ. ಆ ಅಜ್ಜನಿಗೆ ಮಾತ್ರ ಮನೆ ನೋಡಿಕೊಳ್ಳಿ ಎಂದು ಯಾರೂ ಹೇಳಲಿಲ್ಲ. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅಕ್ಕೋರು ಅಳಲಿಲ್ಲ, ಹುಡುಗಿಗೆ ಒಂದು ಮಾತೂ ಬೈಯಲಿಲ್ಲ. ಹೊಸಿಲಾಚೆ ಚಪ್ಪಲಿ ಬಿಟ್ಟು ಬಂದು ಊಟಕ್ಕೆ ಬಡಿಸಿದರು.

ನನ್ನ ಮಗ ಈಗ ಕಾಲೇಜಿನಲ್ಲಿ ಗಣಿತ ಓದುತ್ತಿದ್ದಾನೆ. ಅದು ಅವರು ಹಾಕಿದ ಭಿಕ್ಷೆ. ಅವರು ಇಂದಿಗೂ ಹಳಿಯಾಳಕ್ಕೆ ಹೋಗಿ ಕಲಿಸಿ ಬರುತ್ತಾರೆ. ಗೋವಿನಜೋಳದ ಹಾಳೆಗಳು ಮಂಚದ ಕೆಳಗಿವೆ.

ಮೊನ್ನೆ ನಾನು ಅಲ್ಲೇ ಕೂತಿದ್ದೆ. ಎದೆಯೆತ್ತರ ಬೆಳೆದ ಮಗಳು ಆ ಹಳೆಯ ಚಪ್ಪಲಿಯನ್ನು ಎಲ್ಲಿಂದಲೋ ಹುಡುಕಿ, ಒರೆಸಿ, ತಾಯಿಯ ಕಾಲ ಬಳಿ ಇಟ್ಟಳು.

"ಹಾಕ್ಕೋ ಬೇ. ಮತ್ತ ಬರಿಯಾಕ ಕೂಡು. ಈ ಸಲ ನಾ ಕರಿಯಂಗಿಲ್ಲ."

ಅಕ್ಕೋರು ಸೊಪ್ಪು ಸೋಸುತ್ತಲೇ ಇದ್ದರು. ಹುಡುಗಿ ಬಿಡಲಿಲ್ಲ. "ಹೇಳ ಬೇ, ನಮ್ಮ ಅಕ್ಕೋರು ಎಷ್ಟೊತ್ತಿಗೆ ಬರ್ತಾರ?"

"ಬರಂಗಿಲ್ವಾ," ಎಂದರು. "ಅವ್ರಿಗೆ ಬಸ್ ತಪ್ಪೈತಿ."