ಒಂದು ಹಾಳೆ, ಎರಡು ಕಾದಂಬರಿ

ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಗೆ ಇನ್ನೂ ಪೂರ್ತಿ ಬೆಳಕು ಇಳಿದಿಲ್ಲ. ಶಿವಮೊಗ್ಗದ ಮೊದಲ ಬಸ್ಸಿನ ಡ್ರೈವರ್ ಹಾರ್ನ್ ಒತ್ತಿ ಒತ್ತಿ ಚಹಾದಂಗಡಿಯಲ್ಲಿ ಕೂತ ಕಂಡಕ್ಟರನನ್ನು ಕರೆಯುತ್ತಿದ್ದಾನೆ. ಹೆಂಚಿನ ಮನೆಯೊಂದರ ಜಗಲಿಯ ಮೇಲೆ ಅಂತರಘಟ್ಟಮ್ಮ ಅಡಿಕೆ ಸಿಪ್ಪೆಯ ಒಲೆ ಹೊತ್ತಿಸಿ, ಅಲ್ಯೂಮಿನಿಯಂ ಪಾತ್ರೆಯಲ್ಲಿ ಮೈದಾ ಅಂಟು ಕಾಯಿಸುತ್ತಿದ್ದಾರೆ. ಅಂಟು ಗಂಟಾಗಬಾರದು, ತಳ ಹಿಡಿಯಬಾರದು. ಕುದಿ ಬಂದಾಗ ಒಂದು ಚಿಟಿಕೆ ಮೈಲುತುತ್ತ ಬೀಳುತ್ತದೆ. ಹುಳ ಹತ್ತಿರ ಸುಳಿಯದಿರಲೆಂದು ಹಾಕುವ ಆ ಚಿಟಿಕೆಗೆ ಅಂಟು ತಿಳಿನೀಲಿಯಾಗುತ್ತದೆ. ಅವರ ಬೆರಳ ತುದಿಗಳೂ ಅದೇ ಬಣ್ಣಕ್ಕೆ ತಿರುಗಿ ಎಷ್ಟೋ ವರ್ಷವಾಗಿದೆ.

"ಏನಕ್ಕಾ, ಬೆಳಬೆಳಗ್ಗೆ ಗಂಜಿ ಕಾಸಿದೀಯಾ?" ಎಂದು ಹಾಲು ಹಾಕಲು ಬಂದ ಕಾಟಮ್ಮ ಛೇಡಿಸುತ್ತಾಳೆ.

"ಹೂಂ ಕಣೇ, ಒಂದು ಲೋಟ ಕುಡಿ. ಹೊಟ್ಟೆ ಒಳಗಿನ ಹುಳ ಎಲ್ಲ ಸತ್ತು, ಆಮೇಲೆ ನೀನೂ ಸಾಯ್ತಿ."

ಅಂತರಘಟ್ಟಮ್ಮ ಪುಸ್ತಕ ಕಟ್ಟುತ್ತಾರೆ. ಶಾಲೆಯ ಹಾಜರಿ ಪುಸ್ತಕ, ಮಂಡಿಯ ಲೆಕ್ಕದ ಪುಸ್ತಕಗಳೂ ಬರುತ್ತವೆ, ಆದರೆ ಅವರ ಹೆಸರು ಹಬ್ಬಿರುವುದು ಧಾರಾವಾಹಿಗಳಿಂದ. ವಾರಪತ್ರಿಕೆಯಲ್ಲಿ ಕಾದಂಬರಿಯೊಂದು ಕಂತು ಕಂತಾಗಿ ಬಂದು ಮುಗಿಯುತ್ತದೆ. ಓದಿದ ಮನೆಯವರು ಅದರ ಹಾಳೆಗಳನ್ನಷ್ಟೇ ಕತ್ತರಿಸಿ, ಜೋಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಇವರ ಜಗಲಿಗೆ ತರುತ್ತಾರೆ. ವಾರದೊಳಗೆ ಆ ಗಂಟು ರಟ್ಟಿನ ಹೊದಿಕೆಯ, ಬೆನ್ನಿಗೆ ಕೆಂಪು ಬಟ್ಟೆಯ ಪುಸ್ತಕವಾಗಿ ವಾಪಸು ಹೋಗುತ್ತದೆ. ಹೊನ್ನಾಳಿಯಿಂದ ಬರುತ್ತಾರೆ, ನ್ಯಾಮತಿಯಿಂದ ಬರುತ್ತಾರೆ. ಜಗಳೂರಿನಿಂದ ಎರಡು ಬಸ್ಸು ಬದಲಿಸಿ ಬರುವವರೂ ಇದ್ದಾರೆ. ದಿನಕ್ಕೆ ಆರೇಳು ಪುಸ್ತಕ ಕೈಯಿಂದ ಇಳಿದರೆ ಅವತ್ತು ಒಳ್ಳೆಯ ದಿನ.

ಇವರ ತವರು ಜಗಳೂರು ಸೀಮೆ, ಕುರಿ ಸಾಕಿದ ಮನೆತನ. ಮದುವೆಯಾಗಿ ಬಂದಿದ್ದು ದಾವಣಗೆರೆಗೆ. ಗಂಡ ಒಂದು ಮುದ್ರಣಾಲಯದಲ್ಲಿ ಬೈಂಡರ್, ಇವರು ಅಲ್ಲೇ ಅಚ್ಚಾದ ಹಾಳೆ ಮಡಿಸುವ ಕೂಲಿ. ಎಪ್ಪತ್ತೆರಡನೇ ಇಸವಿಯಲ್ಲಿ ಗಂಡ ತೀರಿಕೊಂಡಾಗ ಮಾಲೀಕರು ಹಳೆಯ ತಿರುಪಿನ ಒತ್ತುಯಂತ್ರವೊಂದನ್ನು ಕೊಟ್ಟು ಕೈ ಮುಗಿದರು. ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಚನ್ನಗಿರಿಗೆ ಬಂದರು. ಮೊದಲ ವರ್ಷ ಯಾರೂ ಕೆಲಸ ಕೊಡಲಿಲ್ಲ. "ಹೆಂಗಸು ಹೊಲಿದ ಪುಸ್ತಕ ನಿಲ್ತೈತಾ ಅಂತ ಕೇಳೋರು. ನಿಮ್ಮ ರವಿಕೆ ನಿಂತೈತಲ್ಲ, ಅದನ್ನ ಯಾರು ಹೊಲಿದಿದ್ದು ಅಂತ ನಾನು ಕೇಳ್ತಿದ್ದೆ. ಗಂಡಸರು ಕೇಳಿದ್ರೆ ಅದನ್ನ ಹೇಳಾಕೂ ಬರಲ್ಲ ನೋಡ್ರಿ!" ಎಂದು ಈಗ ನಗುತ್ತಾರೆ.

ಅವರು ಹೊಲಿದ ಪುಸ್ತಕ ನಿಂತಿತು. ಅದರ ಜೊತೆ ಒಂದು ಮಾತೂ ನಿಂತಿತು. ಅಂತರಘಟ್ಟಮ್ಮನ ಜಗಲಿಯಿಂದ ಹಾಳೆ ತಪ್ಪಿದ ಪುಸ್ತಕ ಕೆಳಗಿಳಿಯುವುದಿಲ್ಲ. ಕಂತು ಕಳೆದಿದ್ದರೆ ರದ್ದಿ ಅಂಗಡಿ ತಿರುಗಿ ಹುಡುಕಿ ತರುತ್ತಾರೆ, ಸಿಗದಿದ್ದರೆ ಗಂಟನ್ನು ಹಾಗೇ ವಾಪಸು ಕೊಡುತ್ತಾರೆ. ಕಳೆದ ಬೇಸಿಗೆಯಲ್ಲಿ ಈ ಮಾತೇ ಅವರ ಕುತ್ತಿಗೆಗೆ ಬಂತು.

ಬಸವಾಪಟ್ಟಣದ ಅಡಿಕೆ ಬೆಳೆಗಾರರ ಮನೆಯ ಹಿರಿಯ ಸೊಸೆ ಶಿವಗಂಗಮ್ಮ ಒಂದು ಸೋಮವಾರ ಗಂಟು ತಂದರು. ಅದು ಐತಿಹಾಸಿಕ ಕಾದಂಬರಿ. ಪಾಳೆಯಗಾರನೊಬ್ಬ ಸತ್ತ ಮೇಲೆ ಅವನ ಎಳೆಯ ಮಗನಿಗಾಗಿ ಕೋಟೆ ಕಾಯುವ ಕಿಲ್ಲೇದಾರನ ಕಥೆ. ಗದ್ದುಗೆ ತಾನೇ ಹತ್ತಬಹುದಾಗಿದ್ದರೂ ಹತ್ತದವನ ಕಥೆ. "ಪೂರ್ತಿ ಐತೆ, ಚೆಂದಾಗಿ ಕಟ್ಟಿಕೊಡ್ರಿ" ಎಂದರು. ಇವರು ಒಪ್ಪಿದರು. ಮಾರನೆಯ ದಿನವೇ ಅದೇ ಮನೆಯ ಕಿರಿಯ ಸೊಸೆ ನಿರ್ಮಲಮ್ಮ ಬಂದರು. ಅವರದು ಸಾಮಾಜಿಕ. ಸಾಕಿದ ಅಣ್ಣನ ಎದುರೇ ಸೊಸೈಟಿ ಚುನಾವಣೆಗೆ ನಿಂತು ಚೇರ್ಮನ್ ಆಗುವ ತಮ್ಮನ ಕಥೆ. ಅದಕ್ಕೂ ಇವರು ಹೂಂ ಎಂದರು. ಎರಡೂ ಗಂಟು ಬಿಚ್ಚಿ ನೋಡಿದ್ದು ಆಮೇಲೆ.

ಎರಡು ಕಥೆಗಳೂ ಒಂದೇ ಪತ್ರಿಕೆಯಲ್ಲಿ, ಒಂದರ ಹಿಂದೊಂದು ಬಂದಿದ್ದವು. ಮುಕ್ಕಾಲು ಪಾಲು ವಾರ, ಕಿಲ್ಲೇದಾರನ ಕಂತು ಮುಗಿಯುವ ಹಾಳೆಯ ಬೆನ್ನಿಗೇ ಚೇರ್ಮನ್ನನ ಕಂತು ಶುರುವಾಗುತ್ತಿತ್ತು. ಶಿವಗಂಗಮ್ಮ ತಮ್ಮ ಕಥೆ ಕತ್ತರಿಸಿಕೊಂಡಾಗ ನಿರ್ಮಲಮ್ಮನ ಕಥೆಗೆ ತಲೆಯೇ ಹೋಗಿತ್ತು. ಆ ಹಾಳೆಗಳನ್ನು ಇತ್ತ ಕೊಟ್ಟರೆ ಅತ್ತ ಕಿಲ್ಲೇದಾರನಿಗೆ ಕೊನೆಯಿಲ್ಲ.

ಅದೇ ತಿಂಗಳು ಅಣ್ಣತಮ್ಮಂದಿರ ಮನೆ ಪಾಲಾಗಿತ್ತು. ತೋಟ, ಪಾತ್ರೆ, ದನ ಎಲ್ಲವೂ ಜಗಳವಿಲ್ಲದೆ ಹಂಚಿಹೋದವು. ವಾರಗಿತ್ತಿಯರ ನಡುವೆ ಮಾತು ನಿಂತಿದ್ದು ಈ ಹಾಳೆಗಳಿಗೆ. "ಒಂದೇ ಚಂದಾ ಕಟ್ಟಿ ಇಬ್ಬರೂ ಓದಿದ್ವಿ. ನನ್ನ ಕಥೆ ಕುತ್ತಿಗೆ ಕೊಯ್ದು ಕೊಟ್ರಲ್ಲ, ಬೇಕಂತಲೇ ಮಾಡಿದ್ದು" ಎಂದು ನಿರ್ಮಲಮ್ಮ. "ಹಾಳೆ ಹಿಂದೆ ಏನೈತೆ ಅಂತ ಯಾರು ನೋಡ್ತಾರೆ? ನನ್ನ ಕಥೆ ನಾನು ತಗೊಂಡೆ" ಎಂದು ಶಿವಗಂಗಮ್ಮ. ನಡುವೆ, ಇಬ್ಬರಿಗೂ ಪೂರ್ತಿ ಪುಸ್ತಕ ಕೊಡುತ್ತೇನೆಂದು ಮಾತು ಕೊಟ್ಟು ಕೂತ ಅಂತರಘಟ್ಟಮ್ಮ.

ಪತ್ರಿಕೆಯ ಇನ್ನೊಂದು ಪ್ರತಿ ಸಿಕ್ಕರೆ ತೀರಿತು ಎಂದುಕೊಂಡು ಮೊದಲು ನ್ಯಾಮತಿಗೆ ಹೋದರು. ಅಲ್ಲಿನ ರದ್ದಿ ವ್ಯಾಪಾರಿ ಹಾಲೇಶಪ್ಪ ಅವರಿಗೆ ಹಳೆಯ ಪರಿಚಯ. "ಎಲ್ಲಾ ಜಗಳೂರಿಗೆ ಹೋತಲ್ರೀ ಅಮ್ಮಾ, ಶೇಂಗಾ ಪೊಟ್ಟಣಕ್ಕೆ" ಎಂದ. ಜಗಳೂರಿಗೂ ಹೋದರು. ಬಸ್ಸಿಳಿದ ಜಾಗದಲ್ಲೇ ಶೇಂಗಾ ಕೊಂಡು, ತಿಂದು, ಪೊಟ್ಟಣ ಬಿಚ್ಚಿ ನೋಡಿದರೆ ಅದರಲ್ಲಿ ಚೇರ್ಮನ್ನನ ಅಣ್ಣ ಅರ್ಧ ವಾಕ್ಯದಲ್ಲಿ ಎಣ್ಣೆ ಹತ್ತಿಕೊಂಡು ಕೂತಿದ್ದ. ಉಳಿದವರು ಊರ ತುಂಬ ಚದುರಿಹೋಗಿದ್ದರು.

ದಾರಿ ಕಂಡದ್ದು ಮುಂದೆ ಹುಡುಕುತ್ತ ಹೋದ ಹೊನ್ನಾಳಿಯಲ್ಲಿ. ಬಸ್ಸಿಗೆ ಕಾಯುತ್ತ ನಿಂತಾಗ ಎದುರಿನ ಗೋಡೆಯಿಂದ ಯಾರೋ ಸಿನಿಮಾ ಪೋಸ್ಟರ್ ಕೀಳುತ್ತಿದ್ದರು. ಬಣ್ಣದ ಪದರ ಕೈಗೆ ಬಂತು, ಕೆಳಗಿನ ಬಿಳಿ ಪದರ ಗೋಡೆಗೇ ಉಳಿಯಿತು. "ದಿನಾ ನೋಡಿದ್ದೇ ರೀ ಅದು. ಅವತ್ತು ಮಾತ್ರ ಎದೆ ಧಸಕ್ ಅಂತು. ಅಂಟು ಗಟ್ಟಿ ಇದ್ರೆ ಕಾಗದ ನಡುವೆ ಬಿಡ್ತೈತೆ ಅಂತಾತಲ್ಲ! ಒಂದು ಕಡೆ ಗೋಡೆ ಇದ್ರೆ ಹಿಂಗಾತು. ಎರಡೂ ಕಡೆ ಬಟ್ಟೆ ಹಚ್ಚಿ ಎಳೆದ್ರೆ?"

ಅಂದಿನಿಂದ ಮಧ್ಯಾಹ್ನದ ಬಿಡುವೆಲ್ಲ ಅದಕ್ಕೇ ಹೋಯಿತು. ಹಳೆಯ ಪಂಚೆ ಹರಿದು, ರದ್ದಿ ಹಾಳೆಯ ಎರಡೂ ಮೈಗೆ ಮೈಲುತುತ್ತವಿಲ್ಲದ ಗಟ್ಟಿ ಅಂಟಿನಿಂದ ಹಚ್ಚಿ, ಯಂತ್ರದಲ್ಲಿ ಒತ್ತಿ, ಒಣಗಿಸಿ ಎಳೆದರು. ಅಂಟು ಹಸಿಯಿದ್ದರೆ ಬಟ್ಟೆ ಕಿತ್ತು ಬಂತು, ಕಾಗದ ಬಿಡಲಿಲ್ಲ. ಗರಿಗರಿ ಒಣಗಿದರೆ ಕಾಗದ ಮುರಿಯಿತು. ಒಣಗಿಯೂ ತುಸು ತೇವ ಉಳಿದಿರುವಾಗ ಎಳೆದರೆ ಹಾಳೆ ಬಾಳೆಪಟ್ಟೆಯ ಹಾಗೆ ಎರಡು ಪದರವಾಗಿ ಬಿಟ್ಟಿತು. ಬಿಸಿನೀರಿನಲ್ಲಿ ನೆನೆಸಿದಾಗ ಪದರ ಬಟ್ಟೆಯಿಂದ ಬಿಡಿಸಿಕೊಂಡು ತೇಲಿತು. ಅಕ್ಷರ ಹಾಗೇ ಇತ್ತು. ಅದನ್ನು ತೆಳು ಬಿಳಿ ಕಾಗದದ ಮೇಲೆ ಹಚ್ಚಿದರೆ ಹೊಸ ಹಾಳೆ.

ಒಂದು ತೊಡಕು ಉಳಿಯಿತು. ಬಿಡುತ್ತಿರುವ ಗೆರೆಯ ಮೇಲೆ, ಹಾಳೆ ಮಡಿಸಲು ಬಳಸುವ ಮೂಳೆಪಟ್ಟಿ ಒತ್ತಿಕೊಂಡೇ ಇರಬೇಕು, ಇಲ್ಲದಿದ್ದರೆ ಹರಕು ಅಡ್ಡಡ್ಡ ಓಡುತ್ತದೆ. ಅದಕ್ಕೆ ಇವರ ಎರಡೂ ಕೈ ಬೇಕು. ಬಟ್ಟೆಯ ಎರಡು ತುದಿ ಎಳೆಯಲು ಬೇರೆ ಇಬ್ಬರು ಬೇಕು, ಇಬ್ಬರ ಎಳೆತವೂ ಒಂದೇ ಸಮ ಇರಬೇಕು. ಕಾಟಮ್ಮನನ್ನೂ ಪಕ್ಕದ ಮನೆಯ ಹುಡುಗಿಯನ್ನೂ ಕೂರಿಸಿ ನೋಡಿದರು. ಕಾಟಮ್ಮ ಹಸುವಿನ ಕೆಚ್ಚಲು ಹಿಡಿದಂತೆ ಜಗ್ಗಿದಳು. ಹಾಳೆಗೆ ಏನಾದರೂ ಆದರೆ ನೋವಾಗುವವರೇ ಎಳೆಯಬೇಕು ಎಂದು ಅಂತರಘಟ್ಟಮ್ಮನಿಗೆ ಅನ್ನಿಸಿತು. ಇಬ್ಬರು ವಾರಗಿತ್ತಿಯರಿಗೂ ಒಂದೇ ದಿನ ಬರಲು ಹೇಳಿ ಕಳಿಸಿದರು. ಇನ್ನೊಬ್ಬರು ಬರುವ ವಿಷಯ ಇಬ್ಬರಿಗೂ ತಿಳಿಸಲಿಲ್ಲ.

ಬಂದವರು ಒಬ್ಬರನ್ನೊಬ್ಬರು ಕಂಡು ಬಾಗಿಲಲ್ಲೇ ನಿಂತರು.

"ಇವಳು ಇರೋದಾದ್ರೆ ನಾನು ಹೋಗ್ತೀನಿ" ಎಂದು ಶಿವಗಂಗಮ್ಮ ಸೆರಗು ಕೊಡವಿದರು.

"ಹೋಗ್ರಿ ಅಕ್ಕಾರೆ. ನಿಮ್ಮ ಕಿಲ್ಲೇದಾರ ಇಲ್ಲೇ ಇರ್ತಾನೆ, ಅರ್ಧ ಬಟ್ಟೇಲಿ, ಅರ್ಧ ಅಂಟಲ್ಲಿ" ಎಂದರು ಅಂತರಘಟ್ಟಮ್ಮ. "ಇದು ಇಬ್ಬರು ಹಿಡಿದ್ರೆ ಬಿಡೋ ಕೆಲಸ. ಒಬ್ಬರು ಜೋರು ಎಳೆದ್ರೆ ಇನ್ನೊಬ್ಬರದು ಹರೀತೈತೆ. ಕೂಡ್ರಿ."

ಇಬ್ಬರೂ ಎದುರುಬದುರು ಕೂತರು. ಮೊದಲ ಹಾಳೆ ಯಾವುದು ಎಂಬಲ್ಲಿ ಶಿವಗಂಗಮ್ಮನೇ ಬಾಯಿ ಬಿಟ್ಟರು: "ಕೋಟೆ ವರ್ಣನೆ ಇರೋದು ತಗೊಳ್ರಿ. ಹೋದ್ರೆ ಹೋಗ್ಲಿ, ಮೂರು ವಾರ ಬರೀ ಬುರುಜೇ ಬರೆದಿದಾನೆ." ನಿರ್ಮಲಮ್ಮನಿಗೆ ನಗು ಬಂತು, ನುಂಗಿಕೊಂಡರು. ಹಾಳೆ ಸರಾಗವಾಗಿ ಬಿಟ್ಟಿತು. ಎರಡನೆಯದು, ಮೂರನೆಯದೂ ಬಿಟ್ಟವು. "ಮೆಲ್ಲಗೆ", "ತಡಿ", "ಈಗ ಎಳಿ" ಎಂಬಷ್ಟು ಮಾತು ತಾನಾಗಿ ಶುರುವಾಯಿತು.

ಆಗಲೇ ನಿರ್ಮಲಮ್ಮ ಒಂದು ಕೊಂಕು ಆಡಿದರು. "ನಿಮ್ಮ ಕಿಲ್ಲೇದಾರ ಏನು ಮಹಾ? ಜೀವಮಾನ ಪೂರ್ತಿ ಇನ್ನೊಬ್ಬರ ಮನೆ ಕೀಲಿ ಕಾಯ್ದ."

"ನಿನ್ನ ಚೇರ್ಮನ್ ಕಾಯಲಿಲ್ಲ ಬಿಡು, ಕೀಲಿನೇ ಕದ್ದ!" ಎನ್ನುತ್ತ ಶಿವಗಂಗಮ್ಮ ಬಟ್ಟೆಯ ತುದಿ ಜಗ್ಗಿಬಿಟ್ಟರು. ಪರ್ ಎಂದ ಸದ್ದು. ಕಾಗದದ ದಪ್ಪವೆಲ್ಲ ಕಿಲ್ಲೇದಾರನ ಕಡೆಗೆ ಬಂದು, ಚೇರ್ಮನ್ನನ ಪುಟದ ತಲೆಯಲ್ಲಿ ಅಂಗೈಯಗಲ ತೂತು ಬಿತ್ತು. ಆ ಜಾಗದ ಅಕ್ಷರಗಳು ಪುಡಿಪುಡಿ.

ನಿರ್ಮಲಮ್ಮನ ಕಣ್ಣು ತುಂಬಿತು. "ಅಣ್ಣ ಓಟು ಹಾಕಾಕೆ ಬಂದ ಜಾಗ ಅದು" ಎಂದಷ್ಟೇ ಅಂದರು. ಹಾಳೆ ತಪ್ಪಿದ ಪುಸ್ತಕ ಕೊಡುವುದಿಲ್ಲ ಎಂದ ಅಂತರಘಟ್ಟಮ್ಮ ಮೂಳೆಪಟ್ಟಿ ಕೆಳಗಿಟ್ಟರು. ಇನ್ನು ಗಂಟು ಕಟ್ಟಿ ವಾಪಸು ಕೊಡುವುದೊಂದೇ ಉಳಿದದ್ದು ಎನ್ನಿಸಿತು.

ಆಗ ಶಿವಗಂಗಮ್ಮ ತಗ್ಗಿದ ದನಿಯಲ್ಲಿ ಹೇಳತೊಡಗಿದರು. "'ಕುರ್ಚಿ ಬೇಕು ಅಂತ ಮನೆಯಲ್ಲೇ ಕೇಳಿದ್ದರೆ ನಾನೇ ಎದ್ದು ನಿಲ್ಲುತ್ತಿದ್ದೆನಲ್ಲೋ ತಮ್ಮಾ. ಊರ ಮುಂದೆ ಯಾಕೆ ಕೇಳಿದೆ?' ಅಂತ ಅಣ್ಣ ಅಂತಾನೆ. ಚೀಟಿ ಮಡಿಸಿ ಡಬ್ಬಿಗೆ ಹಾಕ್ತಾನೆ. ಯಾರಿಗೆ ಹಾಕಿದ ಅಂತ ತಮ್ಮನಿಗೆ ಗೊತ್ತಾಗಲ್ಲ. ಅಷ್ಟೇ ಇರೋದು ಅಲ್ಲಿ."

"ನೀವು... ಇದನ್ನ ಓದಿದ್ರಾ ಅಕ್ಕಾ?"

"ಒಲೆ ಮುಂದೆ ಕೂತು ನೀನು ಗಂಟಲು ಹರ್ಕೊಂಡು ಓದ್ತಿದ್ದೆ. ರೊಟ್ಟಿ ಬಡಿಯೋಳು ಕಿವಿಗೆ ಹಿಟ್ಟು ಮೆತ್ಕೋಬೇಕಿತ್ತಾ? ಬರ್ಕೋ, ಮುಖ ಏನು ನೋಡ್ತಿ?"

"ನೀವೇ ಬರೀರಿ. ನಿಮ್ಮ ಅಕ್ಷರ ಚೆಂದ."

ತೂತಿನ ಅಡಿಗೆ ಬಿಳಿ ಕಾಗದ ಹಚ್ಚಿ, ಒಣಗಿದ ಮೇಲೆ ಶಿವಗಂಗಮ್ಮ ಆ ಸಾಲುಗಳನ್ನು ಅಚ್ಚಿನ ಅಕ್ಷರದಷ್ಟೇ ಸಣ್ಣಗೆ ಬರೆದರು. ಉಳಿದ ಹಾಳೆಗಳನ್ನು ಬಿಡಿಸಲು ಇಬ್ಬರೂ ಮತ್ತೆ ಬಂದರು, ಒಂದೇ ಬಸ್ಸಿನಲ್ಲಿ. ಜಗಳ ಆಡಿದರು, ಬೇರೆ ಬೇರೆ ವಿಷಯಕ್ಕೆ.

ಎರಡು ಪುಸ್ತಕ ಈಗ ಎರಡು ಮನೆಯಲ್ಲಿವೆ. ಅಣ್ಣತಮ್ಮಂದಿರು ಮತ್ತೆ ಒಂದಾಗಿಲ್ಲ, ಆಗುವ ಯೋಚನೆಯೂ ಇಲ್ಲ. ಒಲೆ ಎರಡು, ಲೆಕ್ಕ ಎರಡು. ಕಿಲ್ಲೇದಾರ ಕಿರಿಯಳ ಮನೆಗೆ ಓದಿಸಿಕೊಳ್ಳಲು ಹೋಗಿ ಬಂದಿದ್ದಾನೆಂದು ಸುದ್ದಿ. ಚೇರ್ಮನ್ ಹಿರಿಯಳ ಮನೆಯಲ್ಲಿ ಹೆಚ್ಚು ದಿನ ಉಳಿದನೆಂಬ ದೂರೂ ಅಂತರಘಟ್ಟಮ್ಮನಿಗೆ ತಲುಪಿದೆ.

ಈ ಕೆಲಸದ ಮಾತು ಹಬ್ಬಿ, ದಾವಣಗೆರೆಯ ಒಬ್ಬ ಬೈಂಡರ್ ನೋಡಲು ಬಂದಿದ್ದನಂತೆ. ಹೇಗೆ ಮಾಡಿದಿರಿ ಎಂದು ಕೇಳಿದವನಿಗೆ ಇವರು ಏನನ್ನೂ ಮುಚ್ಚಿಡಲಿಲ್ಲ. ಅಂಟಿನ ಹದ, ಒಣಗುವ ಹೊತ್ತು, ಬಟ್ಟೆ ಎಂಥದಿರಬೇಕು, ಎಲ್ಲ ಹೇಳಿಕೊಟ್ಟರು. ಈಗ ಆಸೆ ಏನು ಎಂದು ಬರೆದುಕೊಳ್ಳಲು ಬಂದವರು ಕೇಳಿದರೆ, "ಒಂದು ಕಾದಂಬರಿನ ಮೊದಲಿಂದ ಕಡೀತನಕ ಕೂತು ಓದಬೇಕು ನೋಡ್ರಿ. ಹೊಲಿಯೋವಾಗ ಕಥೆ ತುಂಡು ತುಂಡೇ ಕಾಣ್ತೈತೆ. ಯಾರು ಸತ್ರು ಅಂತ ಗೊತ್ತಾಗ್ತೈತೆ, ಯಾಕೆ ಸತ್ರು ಅಂತ ಗೊತ್ತಾಗಲ್ಲ" ಎನ್ನುತ್ತಾರೆ.

ಆಮೇಲೆ, ಸೂಜಿಗೆ ದಾರ ಪೋಣಿಸುತ್ತ, ಯಾರೂ ಕೇಳದೆಯೇ ಹೇಳುತ್ತಾರೆ: "ಹರಿದಿದ್ದು ಹಚ್ಚೋರು ಊರಿಗೆ ಹತ್ತು ಜನ ಇದಾರೆ. ಹರಿಯದಂಗೆ ಬಿಡಿಸಿದೋಳು ನಾನು." ದಾರದ ತುದಿ ಹಲ್ಲಿನಿಂದ ಕಚ್ಚಿ ತುಂಡರಿಸಿ, ತಲೆಯೆತ್ತುತ್ತಾರೆ. "ಒಂದು ಹಾಳೆ ಹರೀತು. ಅದನ್ನೂ ಬರ್ಕೊಳ್ರಿ."