ಬೆಲ್ಲದ ದಲಾಲರೊಡನೆ ನೆಲೋಗಿಗೆ

ಆಳಂದ ಬಿಟ್ಟದ್ದು ಸಂಕ್ರಾಂತಿ ಕಳೆದ ಮೇಲೆ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಅಫಜಲಪುರದ ಮೋಟಾರು ಇದ್ದಿಲಿನ ಗ್ಯಾಸಿನಿಂದ ಓಡುತ್ತಿತ್ತು. ತಲೆಗೆ ನಮ್ಮ ಸೀಮೆಯ ನಾಣ್ಯ ಹಾಲಿ ಸಿಕ್ಕಾದಲ್ಲಿ ಹನ್ನೆರಡಾಣೆ ಕೊಟ್ಟೂ ಏರು ಬಂದಲ್ಲೆಲ್ಲ ನಾವೇ ಇಳಿದು ನೂಕಿದೆವು. ಭಾವ ಮಾತ್ರ ಇಳಿಯಲಿಲ್ಲ. ಅವರ ಎಡಗಾಲಿನ ಹೆಬ್ಬೆರಳ ಗಾಯ ದಸರೆಯಿಂದ ಒಣಗಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ ಬಸಣ್ಣ, ಬೆಲ್ಲದ ದಲಾಲರು. ಅವರಿಗೆ ಸಿಹಿಮೂತ್ರದ ರೋಗ. ಸಕ್ಕರೆ ಇಳಿಯದಿದ್ದರೆ ಕಾಲೇ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಸೂಜಿಮದ್ದು ಯುದ್ಧದಿಂದಾಗಿ ಸಿಗುತ್ತಿರಲಿಲ್ಲ. ಜೇವರ್ಗಿ ತಾಲೂಕಿನ ನೆಲೋಗಿಯಲ್ಲಿ ಗುರಮ್ಮನೆಂಬ ಮುದುಕಿ ಈ ರೋಗಕ್ಕೆ ಸೊಪ್ಪಿನ ಕಷಾಯ ಕೊಡುತ್ತಾಳೆಂದು ಕೇಳಿ ಅಕ್ಕ ನಮ್ಮನ್ನು ಹೊರಡಿಸಿದಳು. "ದಾರ್‍ಯಾಗ ಅವರ ಬಾಯಿಗೆ ಸಿಹಿ ಬೀಳಬಾರದು ನೋಡಪ್ಪಾ. ನಿನ್ನ ಕೈಯಾಗ ಕೊಟ್ಟೇನಿ," ಎಂದಳು. ಅವಳ ಮುಖ ನೋಡಲಾಗದೆ ನಾನು ಹಾಸಿಗೆ ಸುತ್ತತೊಡಗಿದೆ.

ಅಫಜಲಪುರದಲ್ಲಿ ಪರಿಚಯದವರ ಮನೆಯಲ್ಲಿ ಇಳಿದೆವು. ಹೋಳಿಗೆ ಮಾಡಿದ್ದರು. ಭಾವ ಅದರತ್ತ ಕಣ್ಣು ಹಾಯಿಸದೆ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡು ಎದ್ದರು. ಭಲೇ ಗಟ್ಟಿ ಮನುಷ್ಯ ಎಂದುಕೊಂಡೆ.

ಮರುದಿನ ಬಾಡಿಗೆ ಬಂಡಿ. ಚಳಿಗಾಳಿ, ಎರಡೂ ಕಡೆ ಹಾಲುಗಾಳಿನ ಬಿಳಿಜೋಳ. ಗಾಣಗಾಪುರದ ಸಮೀಪ ಭೀಮೆಯ ದಂಡೆಯಲ್ಲಿ ಕಬ್ಬಿನ ಗಾಣ ನಡೆದಿತ್ತು. ಅದರ ಒಡೆಯ ಚಂದಪ್ಪ ಓಡಿಬಂದು ಬಂಡಿ ನಿಲ್ಲಿಸಿದ. ಆ ದಂಡೆಯ ರೂಢಿ ಅದು: ಭಾವ ಬೆಲ್ಲವನ್ನು ನಾಲಿಗೆಗೆ ಇಟ್ಟು ನೋಡದೆ ಯಾರೂ ದರ ಮಾತಾಡರು. ಭಾವ ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಕಬ್ಬಿಗೆ ಸವಳು ಬಾವಿ ಉಪ್ಪುನೀರು ಹಾಯಿಸೀಯಲ್ಲೋ," ಎಂದರು. ಚಂದಪ್ಪ ತಲೆ ಕೆರೆದುಕೊಂಡ. ಆಮೇಲೆ ಇನ್ನೊಂದು ಅಚ್ಚು, ಮತ್ತೊಂದು. ನನಗೆ ಮೈಯೆಲ್ಲ ಉರಿದುಹೋಯಿತು.

"ಭಾವಾ, ಏನ್ರಿ ಇದು? ಅಕ್ಕಗ ನಾ ಏನ್ ಹೇಳ್ಲಿ?"

"ಇದು ತಿನ್ನೂದಲ್ಲಲೇ, ನೋಡೂದು," ಎಂದರು ಅವರು, ಕಿಂಚಿತ್ತೂ ಅಳುಕದೆ. "ಇದು ಕಾಯಕ."

ಸುಳ್ಳು ಹೇಳುವ ಜೀವ ಅಲ್ಲ ಅದು. ಚಹಾದ ಸಕ್ಕರೆ ಬಿಟ್ಟಿದ್ದರು, ಹಬ್ಬದ ಹುಗ್ಗಿ ಬಿಟ್ಟಿದ್ದರು. ಸಂತೆ ಸಂತೆಗೂ ನಾಲಿಗೆಯ ಮೇಲೆ ಕರಗುತ್ತಿದ್ದ ಬೆಲ್ಲವನ್ನು ಮಾತ್ರ ತಿಂದದ್ದೆಂದು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಾವೂ ಯಾರೂ ಹಿಡಿದಿರಲಿಲ್ಲ.

ಹೊಳೆಯಲ್ಲಿ ನೀರು ಕಡಿಮೆ. ಬಂಡಿಯಲ್ಲೇ ದಾಟಿ ಹೊತ್ತು ಮುಳುಗುವ ಮುಂಚೆ ನೆಲೋಗಿ ಸೇರಿದೆವು. ಗುರಮ್ಮ ಗಾಯ ತೊಳೆದು ಊಟದ ವಿಷಯ ಕೇಳಿದಳು. "ಸಿಹಿ ಪೂರಾ ಬಿಟ್ಟೇನ್ರಿ," ಎಂದರು ಭಾವ. ನಾನು ಗಾಣದ ಕಥೆ ಹೇಳಿಬಿಟ್ಟೆ. ಮುದುಕಿ ಬೈಯಲಿಲ್ಲ. ಬೇಲಿಗೆ ಹಬ್ಬಿಸಿದ್ದ ಬಳ್ಳಿಯಿಂದ ಎರಡೆಲೆ ಹರಿದು ಅಗಿಯಲು ಕೊಟ್ಟಳು. ನಾವು ಮಧುನಾಶಿನಿ ಎನ್ನುವುದನ್ನು ಅಲ್ಲಿ ಗುಡಮಾರ ಎನ್ನುತ್ತಾರೆ. ಆಮೇಲೆ ಒಳಗಿನಿಂದ ಬೆಲ್ಲದ ಚೂರು ತಂದು ಅವರ ಕೈಗಿಟ್ಟಳು.

ಭಾವ ಬಾಯಿಗೆ ಹಾಕಿಕೊಂಡರು. ಮುಖ ಬಿಳಿಚಿತು. "ಮಣ್ಣು ಇದ್ದಂಗ ಐತಿ," ಎಂದರು. "ನನ್ನ ನಾಲಿಗಿಗೆ ಏನ್ ಮಾಡಿದ್ರಿ ಯವ್ವಾ?" ಆ ದನಿ ಕೇಳಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು.

"ಹೆದರಬ್ಯಾಡ್ರಿ, ಈ ಎಲಿ ನಾಲಿಗಿಯ ಸಿಹಿ ಕೊಲ್ಲತೈತಿ, ಸ್ವಲ್ಪ ಹೊತ್ತಿಗೆ ಹೊಳ್ಳಿ ಬರತೈತಿ," ಎಂದಳು ಗುರಮ್ಮ. "ಇದರ ಕಷಾಯ ದಿನಾ ಕುಡೀರಿ. ರೋಗ ಹೋಗತೈತಿ ಅಂತ ನಾ ಹೇಳಂಗಿಲ್ಲ. ಕೆಲವರಿಗೆ ಹತೋಟಿಗೆ ಬಂದೈತಿ, ಕೆಲವರಿಗೆ ಇಲ್ಲ. ಡಾಕ್ಟರನ್ನೂ ಬಿಡಬ್ಯಾಡ್ರಿ. ಆದ್ರ ಬೆಲ್ಲ ನೋಡ್ಕೊಂತ ಕಷಾಯ ಕುಡದ್ರ ನನ್ನ ಬಳ್ಳಿ ದಂಡ."

ಒಣಗಿದ ಎಲೆಯ ಗಂಟು, ಒಂದು ಹಿಡಿ ಹಸಿ ಎಲೆ ಕಟ್ಟಿಸಿಕೊಂಡು ಬೆಳಿಗ್ಗೆ ತಿರುಗಿ ಹೊರಟೆವು. ಗಾಣದ ಹತ್ತಿರ ಭಾವ ತಾವೇ ಬಂಡಿ ನಿಲ್ಲಿಸಿದಾಗ ನಾನು ಅವರ ತೋಳು ಹಿಡಿದೆ. ಬೇರೆ ವ್ಯಾಪಾರಿಗಳೂ ಅಲ್ಲಿ ಕಾದಿದ್ದರು. ಚಂದಪ್ಪ ಹೊಸ ಅಚ್ಚಿನ ಚೂರು ತಂದ. ಭಾವ ಗಂಟಿನಿಂದ ಹಸಿ ಎಲೆ ತೆಗೆದು ನಿಧಾನವಾಗಿ ಅಗಿದು, ಆಮೇಲೆ ಬೆಲ್ಲ ಬಾಯಿಗಿಟ್ಟರು. ಬರಿಮಾತಿನಲ್ಲಿ ಬಿಟ್ಟರೆ ಮುಂದಿನ ಸಂತೆಗೆ ಮತ್ತೆ ಕೈ ಹೋಗುತ್ತದೆಂದು ಅವರಿಗೇ ಗೊತ್ತಿತ್ತು.

"ಹೆಂಗೈತ್ರಿ ಸಾವಕಾರ?"

"ಮಣ್ಣು."

ಚಂದಪ್ಪನ ಮೋರೆ ಸಪ್ಪಗಾಯಿತು. ಒಬ್ಬ ವ್ಯಾಪಾರಿ ಕೈಯಲ್ಲಿದ್ದ ಚೂರನ್ನು ಕೆಳಗಿಟ್ಟ. ಭಾವ ಚಂದಪ್ಪನ ಹೆಗಲು ಹಿಡಿದು ಎಲ್ಲರಿಗೂ ಕೇಳುವಂತೆ ಹೇಳಿದರು: "ನಿನ್ನ ಬೆಲ್ಲ ಅಲ್ಲೋ, ನನ್ನ ನಾಲಿಗಿ. ಇವತ್ತಿಗೆ ಮುಗೀತು. ಇನ್ನ ನನ್ನ ಮಾತಿನ ಮ್ಯಾಲ ದರ ಹಚ್ಚಬ್ಯಾಡ್ರಿ." ಚಂದಪ್ಪ ಒಂದು ದೊಡ್ಡ ಪೆಂಟೆ ಬೆಲ್ಲವನ್ನು ಬಟ್ಟೆಯಲ್ಲಿ ಕಟ್ಟಿ, ಅಕ್ಕನಿಗೆಂದು ಬಂಡಿಯಲ್ಲಿಟ್ಟ.

ದಂಡೆ ಏರಿದ ಮೇಲೆ ಹಿಂದಿರುಗಿ ನೋಡಿದೆ. ಗಾಣದ ಹೊಗೆ ಹೊಳೆಯ ಮೇಲೆ ನಿಂತಿತ್ತು. ಭಾವ ಬೆಲ್ಲದ ಗಂಟು ಬಿಚ್ಚಿ ಒಂದು ಚೂರು ಮುರಿದು ನನಗೆ ಕೊಟ್ಟರು.

"ತಿನ್ನು. ಹೆಂಗೈತಿ ಹೇಳು."

"ಸಿಹಿ ಐತ್ರಿ."

"ಸಿಹಿ ಎಲ್ಲಾ ಬೆಲ್ಲಾನೂ ಇರತೈತಿ. ಸಾವಕಾಶ ಹೇಳು."

ನಾನು ಕಣ್ಣು ಮುಚ್ಚಿದೆ. "ಮೊದಲಿಗಿ ಸಣ್ಣಗ ಉಪ್ಪು. ಆಮ್ಯಾಲ ಸುಟ್ಟ ರೊಟ್ಟಿ ಅಂಚಿನ ವಾಸನಿ..."

"ಹೂಂ," ಎಂದರು ಭಾವ. ಅವರೂ ಕಣ್ಣು ಮುಚ್ಚಿದ್ದರು. "ಆಮ್ಯಾಲ?"

ಆಳಂದ ಮುಟ್ಟುವ ತನಕ ನಾನು ಹೇಳುತ್ತಲೇ ಬಂದೆ.